ಬೆಂಕಿಯಿಲ್ಲದೆ ಕುದಿಯುವ ಸುಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೋಡೆಗೆ ಹಚ್ಚಲು ತಂದ ಸುಣ್ಣದ ಹರಳಿಗೆ ನೀರು ಬಿದ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ ಎಂದಾದರೆ ಈ ಬಿಸಿ ಎಲ್ಲಿಯದು?
– ಪಿಯುಸಿ ವಿದ್ಯಾರ್ಥಿನಿ, ಗದಗ

ಉತ್ತರ: ಭಟ್ಟಿಯದು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಅದರಿಂದ ಇಂಗಾಲದ ಡೈಆಕ್ಸೈಡ್ ಬಿಡಿಸಲು ಪ್ರತಿ ಮೋಲ್‌ಗೆ, ಅಂದರೆ ಸುಮಾರು 100 ಗ್ರಾಂ ಕಲ್ಲಿಗೆ, 178 ಕಿಲೋಜೂಲ್ ಬೇಕು. ಈ ಸಾಲ ಎರಡು ಕಂತಿನಲ್ಲಿ ತೀರುತ್ತದೆ. ನೀರು ಸೇರಿದಾಗ 65, ಒಮ್ಮೆಲೇ. ಗೋಡೆಗೆ ಹಚ್ಚಿದ ಮೇಲೆ ಗಾಳಿಯ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ 113, ಕೈಗೆ ತಿಳಿಯದಷ್ಟು ನಿಧಾನವಾಗಿ. ಕೂಡಿಸಿ ನೋಡಿ. 1840ರಲ್ಲಿ ರಸಾಯನಶಾಸ್ತ್ರಜ್ಞ ಹೆಸ್ ಕಂಡುಕೊಂಡ ನಿಯಮ ಇದೇ: ದಾರಿ ಯಾವುದಾದರೂ ಒಟ್ಟು ಲೆಕ್ಕ ಒಂದೇ.

ಬಂಧ ಒಡೆದಾಗ ಶಕ್ತಿ ಬರುತ್ತದೆ ಎಂದು ನೋಟ್ಸಿನಲ್ಲಿದ್ದರೆ ಹೊಡೆದುಹಾಕಿ. ಒಡೆಯಲು ಶಕ್ತಿ ಕೊಡಬೇಕು, ಹೊಸ ಬಂಧ ಕೂಡುವಾಗ ಬರುತ್ತದೆ. ಕೊಟ್ಟದ್ದಕ್ಕಿಂತ ಬಂದದ್ದು ಹೆಚ್ಚಾದರೆ ಅದು ಬಹಿರುಷ್ಣಕ ಕ್ರಿಯೆ.

1 ಕೆಜಿ ಒಳ್ಳೆಯ ಸುಟ್ಟ ಸುಣ್ಣ ಸುಮಾರು 1,160 ಕಿಲೋಜೂಲ್ ಬಿಡುತ್ತದೆ. 25 ಡಿಗ್ರಿಯ ಮೂರೂವರೆ ಲೀಟರ್ ನೀರನ್ನು ಕುದಿಗೆ ತರಲು ಅಷ್ಟು ಸಾಕು. ಕ್ರಿಯೆಗೆ ಬೇಕಾದ ನೀರು 320 ಗ್ರಾಂ ಮಾತ್ರ. ಆದರೆ ಅಷ್ಟೇ ಹಾಕಿದರೆ ಬಿಸಿ ನೂರು ಡಿಗ್ರಿ ದಾಟಿ, ಹಬೆಯೊಂದಿಗೆ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಕಬ್ಬಿಣದ ಬುಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಸುಣ್ಣ. ಕೆಜಿಗೆ ಮೂರು ಲೀಟರಿಗೆ ಕಡಿಮೆ ಬೇಡ. ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಸೊಟ್ಟಾಗುತ್ತದೆ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 20 ನಿಮಿಷವಾದರೂ ತೊಳೆದು ಆಸ್ಪತ್ರೆಗೆ ಹೋಗಿ. ಲಿಂಬೆರಸ ಹಿಂಡುವ ಬುದ್ಧಿವಂತಿಕೆ ಬೇಡ, ಆಮ್ಲ ಸೇರಿದರೆ ಇನ್ನಷ್ಟು ಬಿಸಿ. ಚೀಲ ಬಿಚ್ಚಿಟ್ಟ ಹಳೇ ಸುಣ್ಣ ಕುದಿಯುವುದೇ ಇಲ್ಲ. ಗಾಳಿಯ ತೇವ ತಿಂದು ಅದು ತನ್ನ ಬಿಸಿಯನ್ನು ಆಗಲೇ ಕಳೆದುಕೊಂಡಿರುತ್ತದೆ.

ಪ್ರಶ್ನೆ: ಬೋರ್‌ವೆಲ್‌ಗೆ 5 ಎಚ್‌ಪಿ ಬದಲು 7.5 ಎಚ್‌ಪಿ ಪಂಪ್ ಇಳಿಸಿದರೆ ಕರೆಂಟ್ ಹೆಚ್ಚು ತಿನ್ನುತ್ತದೆಯೇ?
– ರೈತರೊಬ್ಬರು, ಹಾವೇರಿ

ಉತ್ತರ: ಎಚ್‌ಪಿ ಎಂದರೆ ಕೆಲಸದ ವೇಗ, ಮೀಟರ್ ಎಣಿಸುವುದು ಯೂನಿಟ್ಟನ್ನು, ಅಂದರೆ ಶಕ್ತಿಯನ್ನು. 1,000 ಲೀಟರ್ ನೀರನ್ನು 90 ಮೀಟರ್ ಎತ್ತಲು 1000 × 9.8 × 90, ಸುಮಾರು 882 ಕಿಲೋಜೂಲ್, ಅಂದರೆ ಕಾಲು ಯೂನಿಟ್. ಪಂಪ್ ಯಾವುದಾದರೂ ಈ ಭಾಗ ಬದಲಾಗದು. ಮೋಟರ್, ಪಂಪ್ ಸೇರಿ ದಕ್ಷತೆ ಶೇ. 40 ಇದ್ದರೆ ಮೀಟರ್ 0.6 ಯೂನಿಟ್ ತೋರಿಸುತ್ತದೆ. ಎತ್ತರವನ್ನು ಪಂಪ್ ತೂಗಿದ ಆಳದಿಂದಲ್ಲ, ಪಂಪ್ ಓಡುವಾಗ ನೀರು ನಿಂತ ಮಟ್ಟದಿಂದ ಅಳೆಯಿರಿ. ದೊಡ್ಡ ಪಂಪ್ ಆ ಮಟ್ಟವನ್ನು ಬೇಗ ಕೆಳಗೆ ಎಳೆದರೆ ಅಲ್ಲೇ ಖರ್ಚು ಏರುವುದು. ಟ್ಯಾಂಕ್ ತುಂಬುವ ಮೊದಲು, ಆಮೇಲೆ ಮೀಟರ್ ಬರೆದಿಡಿ. ಇದೇ ಎತ್ತರಕ್ಕೆ 1,000 ಲೀಟರಿಗೆ ಒಂದು ಯೂನಿಟ್ ದಾಟಿದರೆ ಇಂಪೆಲ್ಲರ್ (ಪಂಪ್ ಒಳಗೆ ನೀರು ತಳ್ಳುವ ಚಕ್ರ) ಸವೆದಿದೆ, ಇಲ್ಲವೇ ಒಳಗಿನ ಪೈಪ್ ಸೋರುತ್ತಿದೆ.

ಪ್ರಶ್ನೆ: ಬೇಸಿಗೆಯಲ್ಲಿ ತಂಪಾಗುವ ಮಣ್ಣಿನ ಹರವಿಯ ನೀರು ಮಳೆಗಾಲದಲ್ಲಿ ಏಕೆ ಆಗದು?
– ಧಾರವಾಡ

ಉತ್ತರ: 1 ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ಅದರ ಬಹುಪಾಲನ್ನು ಉಳಿದ ನೀರೇ ಕೊಟ್ಟು ತಂಪಾಗುತ್ತದೆ. ಜಿಟಿಜಿಟಿ ಮಳೆಯ ಗಾಳಿ ತೇವದಿಂದ ತುಂಬಿರುವಾಗ ಆವಿಯಾಗುವುದೇ ಕಡಿಮೆ. ಚೆಂದಕ್ಕೆಂದು ಹರವಿಗೆ ಆಯಿಲ್ ಪೇಂಟ್ ಬಳಿದರೆ ರಂಧ್ರ ಮುಚ್ಚಿ ಬೇಸಿಗೆಯಲ್ಲೂ ಅದೇ ಗತಿ.