ಲಿನಕ್ಸ್‌ನ ಅಸೆಂಬ್ಲಿ ಕೋಡ್ ವಿಂಡೋಸ್‌ಗೆ ತರಬೇಕಾದರೆ ಎಲ್ಲ ಹೊಸದಾಗಿ ಬರೆಯಬೇಕಾ?

ಬೇಡ. ಕಾಫಿ ಬೀಜದ ಫೋಟೊದಲ್ಲಿ ಕಪ್ಪು ಬೀಜ, ಒಡಕು ಬೀಜ ಗುರುತಿಸುವ ನಿಮ್ಮ ಪ್ರೋಗ್ರಾಂ ಲಿನಕ್ಸ್‌ನದು, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿರುವುದು (ಕಾಫಿ ಸಂಸ್ಕರಿಸುವ ಕಾರ್ಖಾನೆಯಲ್ಲಿ) ವಿಂಡೋಸ್, ನಡುವೆ ನ್ಯಾಸ್ಮ್‌ನಲ್ಲಿ (ಅಸೆಂಬ್ಲಿಯನ್ನು ಯಂತ್ರದ ಕೋಡ್ ಮಾಡುವ NASM) ಬರೆದ ನಾಲ್ಕು ಫಂಕ್ಷನ್. ಇಷ್ಟೇ ತಾನೆ? ಎರಡೂ ಕಡೆ ಪ್ರೊಸೆಸರ್ 64 ಬಿಟ್ ಇಂಟೆಲ್ ಜಾತಿಯದೇ ಆದ್ದರಿಂದ ಲೆಕ್ಕ ಮಾಡುವ ಸಾಲುಗಳು ಹಾಗೇ ಇರಲಿ. ಬದಲಾಗುವುದು ಮುಖ್ಯವಾಗಿ ಫಂಕ್ಷನ್‌ನ ಹೊಸಿಲು, ಅಂದರೆ ಮಾಹಿತಿ ಒಳಗೆ ಬರುವ, ಹೊರಗೆ ಹೋಗುವ ಜಾಗ.

ಮೂಲ ಚಿತ್ರ, ಫಲಿತಾಂಶದ ಜಾಗ, ಪಿಕ್ಸೆಲ್ ಎಣಿಕೆ ಅಂತ ಮೂರು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಇದ್ದರೆ ಲಿನಕ್ಸ್‌ನಲ್ಲಿ ಅವು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್ ಎಂಬ ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್‌ನೊಳಗಿನ ಪುಟ್ಟ ಜಾಗಗಳಲ್ಲಿ ಬರುತ್ತವೆ. ವಿಂಡೋಸ್‌ನಲ್ಲಿ ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8. ಇದು ತಪ್ಪಿದರೆ ಸಾಮಾನ್ಯವಾಗಿ ಮೊದಲ ಸಲವೇ ಕ್ರ್ಯಾಶ್ ಆಗಿ ಗೊತ್ತಾಗುತ್ತದೆ. ಗೊತ್ತಾಗದೇ ಕಾಡುವುದು ಎಕ್ಸ್‌ಎಂಎಂ6ರಿಂದ 15ರವರೆಗಿನ ರಿಜಿಸ್ಟರ್‌ಗಳು. ಲಿನಕ್ಸ್‌ನಲ್ಲಿ ಅವನ್ನು ಬಳಸಿ ಹಾಗೇ ಬಿಡಬಹುದು. ವಿಂಡೋಸ್‌ನಲ್ಲಿ ಮೊದಲಿದ್ದ ಮೌಲ್ಯವನ್ನು ಉಳಿಸಿ ವಾಪಸ್ ಇಡಲೇಬೇಕು. ಇಡದಿದ್ದರೆ ನಿಮ್ಮ ಚಿತ್ರ ಸರಿಯಾಗೇ ಬರುತ್ತದೆ, ಆದರೆ ಕರೆದ ಕಡೆ ಕಂಪೈಲರ್ ಎಕ್ಸ್‌ಎಂಎಂ6ರಲ್ಲಿ ಇಟ್ಟುಕೊಂಡಿದ್ದ ಒಡಕು ಬೀಜದ ಶೇಕಡಾವಾರು ಕೆಟ್ಟು ಕೂತಿರುತ್ತದೆ. ಅದೂ ದೋಷ ಹುಡುಕಲು ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ, ವೇಗಕ್ಕಾಗಿ ಆಪ್ಟಿಮೈಸ್ ಮಾಡಿದ ಮೇಲೆ ತಲೆ ಎತ್ತುತ್ತದೆ. ಆರ್‌ಡಿಐ, ಆರ್‌ಎಸ್‌ಐಗೂ ಅಲ್ಲಿ ಇದೇ ನಿಯಮ.

ಮಿಂಗ್‌ಡಬ್ಲ್ಯುನ ಜಿಸಿಸಿ (ವಿಂಡೋಸ್‌ಗೆ ಪ್ರೋಗ್ರಾಂ ತಯಾರಿಸುವ ಸಿ ಕಂಪೈಲರ್) ಬಳಸುವುದಾದರೆ ಒಂದು ಸುಲಭದ ದಾರಿ ಇದೆ. ಸಿ ಡಿಕ್ಲರೇಶನ್‌ಗೆ ಸಿಸ್‌ವಿ ಎಬಿಐ (sysv_abi, ಲಿನಕ್ಸ್‌ನ ಕರೆಯುವ ಪದ್ಧತಿ) ಆಟ್ರಿಬ್ಯೂಟ್ ಹಾಕಿ. ಕಂಪೈಲರೇ ಲಿನಕ್ಸ್ ಪದ್ಧತಿಯಲ್ಲಿ ಕರೆದು, ಆ ರಿಜಿಸ್ಟರ್‌ಗಳನ್ನೂ ಕಾಪಾಡಿಕೊಳ್ಳುತ್ತದೆ. ನ್ಯಾಸ್ಮ್‌ಗೆ ಫೈಲಿನ ರೂಪ ಎಲ್ಫ್64 (ಲಿನಕ್ಸ್‌ನದು) ಬದಲು ವಿನ್64 (ವಿಂಡೋಸ್‌ನದು) ಅಂತ ಹೇಳಿದರಾಯಿತು. ಸ್ಟ್ಯಾಕ್ ಪಾಯಿಂಟರ್‌ನ ಕೆಳಗಿನ 128 ಬೈಟ್ ಬಳಸಿದ್ದೀರಾ ನೋಡಿಕೊಳ್ಳಿ, ವಿಂಡೋಸ್‌ನಲ್ಲಿ ಆ ಜಾಗಕ್ಕೆ ಭರವಸೆ ಇಲ್ಲ. ನೇರ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಕರೆ) ಇದ್ದರೆ ಅಸೆಂಬ್ಲಿಯಿಂದ ಕಿತ್ತು ಸಿ ಕೋಡ್‌ಗೆ ಹಾಕಿ. ಎಣಿಕೆ ಲಾಂಗ್ ಆಗಿದ್ದರೆ ವಿಂಡೋಸ್‌ನಲ್ಲಿ ಅದು 32 ಬಿಟ್ಟೇ, 64 ಬಿಟ್‌ನ ಸೈಜ್‌ಟಿ (size_t) ಮಾಡಿ.

ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಈ ಆಟ್ರಿಬ್ಯೂಟ್ ಇಲ್ಲ, 64 ಬಿಟ್‌ಗೆ ಸಿ ಕೋಡ್‌ನೊಳಗೇ ಬರೆಯುವ ಇನ್‌ಲೈನ್ ಅಸೆಂಬ್ಲಿಯೂ ಇಲ್ಲ. ಅದನ್ನು ಬಳಸಿದರೆ ಹೊಸಿಲನ್ನು ಕೈಯಾರೆ ಬದಲಿಸಬೇಕು.

ಇದಕ್ಕೆಲ್ಲ ಕೈ ಹಾಕುವ ಮೊದಲು ಪ್ರತಿ ಫಂಕ್ಷನ್‌ಗೂ ಸರಳವಾದ ಸಿ ರೂಪ ಬರೆಯಿರಿ. ಒಂದೇ ಫೋಟೊ ಎರಡಕ್ಕೂ ಕೊಟ್ಟು ಬೈಟ್ ಬೈಟ್ ಹೋಲಿಸಿ, 16ರಿಂದ ಭಾಗವಾಗದ ಅಗಲದ ಫೋಟೊ ಸಹ ಇರಲಿ. ಆಮೇಲೆ ಆ ಸಿ ರೂಪವನ್ನೇ ಓ3 (ಕಂಪೈಲರ್‌ನ ಹೆಚ್ಚಿನ ಆಪ್ಟಿಮೈಸ್ ಆಯ್ಕೆ, -O3) ಹಾಕಿ ಓಡಿಸಿ ವೇಗ ನೋಡಿ. ನಾಲ್ಕರಲ್ಲಿ ಎರಡಕ್ಕಾದರೂ ಅಸೆಂಬ್ಲಿಯೇ ಬೇಕಾಗಲಿಕ್ಕಿಲ್ಲ ಅಂತ ನನ್ನ ಅಂದಾಜು.