ಸಂಪಾದಕರ ಉತ್ತರ: ಮಾತ್ರೆ ಕೊಡುವಾಗ ಎರಡು ಮಾತು

ಅರಸೀಕೆರೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ಓದುಗರೊಬ್ಬರು ನಮ್ಮ ಕಳೆದ ಸಂಚಿಕೆಯ ಲೇಖನ ಓದಿ ಸಿಟ್ಟಾಗಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಸಾರ ಇಷ್ಟು: "ಲೈಂಗಿಕ ಆರೋಗ್ಯದ ಸಲಹೆಯನ್ನು ಔಷಧಿ ಅಂಗಡಿಯವರೇ ಕೊಡಲಿ ಎಂದು ಬರೆದಿದ್ದೀರಿ, ಇಂಗ್ಲೆಂಡನ್ನು ನೋಡಿ ಎಂದಿದ್ದೀರಿ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ನಾಲ್ಕು ಜನ ನಿಂತಿರುವಾಗ ಹುಡುಗಿಯೊಬ್ಬಳಿಗೆ ಏನು ಹೇಳಲಿ? ಗರ್ಭಪಾತದ ಮಾತ್ರೆ ಕೊಟ್ಟು ಕೇಸು ಹಾಕಿಸಿಕೊಳ್ಳಲೇ?"

ಮಾನ್ಯರೇ,

ನೀವು ಡಾಕ್ಟರಾಗಿ ಎಂದು ನಾವು ಕೇಳಿಲ್ಲ. ಈ ಸೇವೆ ನಿಮ್ಮ ಅಂಗಡಿಯಲ್ಲಿ ಈಗಾಗಲೇ ನಡೆಯುತ್ತಿದೆ, ಮಾತಿಲ್ಲದೆ ನಡೆಯುತ್ತಿದೆ ಅಷ್ಟೆ. ಕಾಂಡೋಮಿನ ಪ್ಯಾಕೆಟ್ಟು ಪೇಪರು ಸುತ್ತಿಸಿಕೊಂಡು ಕಪ್ಪು ಕವರಿಗೆ ಇಳಿಯುತ್ತದೆ, ಚಿಲ್ಲರೆ ಎಣಿಸುವಷ್ಟರಲ್ಲಿ ಗಿರಾಕಿ ಮಾಯ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಮನೆಯವರು ಕೂತಿರಬಹುದೆಂಬ ಅಂಜಿಕೆ ಜನಕ್ಕೆ. ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವುದು ನಿಮ್ಮದೇ.

ನಿಮ್ಮ ಕೊನೆಯ ಪ್ರಶ್ನೆ ಓದಿ ನಮಗೆ ನಿಜಕ್ಕೂ ಆತಂಕವಾಯಿತು. ಎರಡು ಬೇರೆ ಬೇರೆ ಮಾತ್ರೆಗಳನ್ನು ನೀವು ಒಂದೇ ಗೂಡಿಗೆ ಹಾಕಿದ್ದೀರಿ. ಜನ ಐ-ಪಿಲ್ ಎಂದು ಕೇಳುವ ತುರ್ತು ಗರ್ಭನಿರೋಧಕ, ಅಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಗರ್ಭ ಕಟ್ಟಿದ ಮೇಲೆ ನುಂಗಿದರೆ ಅದು ಗರ್ಭವನ್ನು ಇಳಿಸುವುದಿಲ್ಲ. ನಮ್ಮ ದೇಶದಲ್ಲಿ 2005ರಿಂದ ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ. ಮೈಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಇರುವ ಕಿಟ್ಟಿನ ಕಥೆಯೇ ಬೇರೆ. ಗರ್ಭಪಾತದ್ದು ಅದು, ಚೀಟಿಯಿಲ್ಲದೆ ಕೊಡುವಂತಿಲ್ಲ, 1971ರ ಗರ್ಭಪಾತ ಕಾಯ್ದೆಯೂ ಅದಕ್ಕೆ ಅನ್ವಯಿಸುತ್ತದೆ. ಕೇಸಿನ ಭಯವನ್ನು ಆ ಕಿಟ್ಟಿಗೇ ಇಟ್ಟುಕೊಳ್ಳಿ. ಅದೇ ಭಯದಲ್ಲಿ ಮೊದಲನೆಯದಕ್ಕೂ "ಸ್ಟಾಕಿಲ್ಲ, ನಾಳೆ ಬನ್ನಿ" ಅಂದರೆ, ಲೈಂಗಿಕ ಸಂಪರ್ಕವಾದ ಮೇಲೆ ಮಾತ್ರೆ ನುಂಗಲು ಆಕೆಯ ಕೈಲಿದ್ದ 72 ಗಂಟೆಯಲ್ಲಿ ಒಂದು ದಿನ ಸುಮ್ಮನೆ ಹೋಯಿತು. ಎಷ್ಟು ಬೇಗ ನುಂಗಿದರೆ ಅಷ್ಟು ಫಲ ಕೊಡುವ ಮಾತ್ರೆ ಅದು. ಮದುವೆಯಾಗಿದೆಯಾ ಎಂಬ ವಿಚಾರಣೆ ನಿಮಗೆ ಸೇರಿದ್ದಲ್ಲ.

ಏನು ಹೇಳಲಿ ಎಂದಿರಿ. ಕೌಂಟರಿನ ಕೊನೆಗೆ ಕರೆದು, ದನಿ ತಗ್ಗಿಸಿ, ಎಷ್ಟು ಹೊತ್ತಾಯಿತು ಎಂದು ಕೇಳಿ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕು. ಮುಟ್ಟು ಒಂದು ವಾರ ತಡವಾದರೆ ಗರ್ಭಪರೀಕ್ಷೆ ಮಾಡಿಕೊಳ್ಳಲಿ. ಸೋಂಕನ್ನು ಈ ಮಾತ್ರೆ ತಡೆಯುವುದಿಲ್ಲ, ಕಾಂಡೋಮೇ ಬೇಕು. ಪದೇ ಪದೇ ಇದನ್ನೇ ಕೇಳಿ ಬರುವವರಿಗೆ, ದಿನಾ ತಗೊಳ್ಳುವ ಮಾತ್ರೆಯೋ ಕಾಪರ್-ಟಿಯೋ ಇದಕ್ಕಿಂತ ಭದ್ರ, ಒಮ್ಮೆ ಡಾಕ್ಟರನ್ನು ಕಾಣಿ ಎನ್ನಿ. ಎರಡು ನಿಮಿಷದ ಮಾತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಗಿರಾಕಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕೆಲಸವೆಂದೇ ಬರೆದಿವೆ. (ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟು, ಕೌಂಟರಿನಲ್ಲಿ ಪಿಯುಸಿ ಹುಡುಗ ಇರುವ ಅಂಗಡಿಗಳ ಮಾತು ಬೇರೆ. ನಿಮ್ಮದು ಹಾಗಲ್ಲವೆಂದು ನಂಬಿದ್ದೇವೆ.)

ಇಂಗ್ಲೆಂಡಿನ ಹೋಲಿಕೆಗೆ ನೀವು ಸಿಡುಕಿದ್ದರಲ್ಲಿ ಅರ್ಥವಿದೆ. ಅಲ್ಲಿ ಈ ಮಾತ್ರೆ 2001ರಿಂದಲೇ ಚೀಟಿಯಿಲ್ಲದೆ ಫಾರ್ಮಸಿಯಲ್ಲಿ ಸಿಗುತ್ತದೆ. 2023ರಲ್ಲಿ ದಿನಾ ತಗೊಳ್ಳುವ ಗರ್ಭನಿರೋಧಕವನ್ನೂ ಫಾರ್ಮಸಿಯಲ್ಲೇ ಶುರುಮಾಡಿಸುವ ವ್ಯವಸ್ಥೆ ಬಂತು. ಆದರೆ ಅಲ್ಲಿ ಮಾತಾಡಲು ಬಾಗಿಲು ಹಾಕುವ ಪುಟ್ಟ ಕೋಣೆ ಇರುತ್ತದೆ, ಆ ಮಾತುಕತೆಗೆ ಸರ್ಕಾರವೇ ಫಾರ್ಮಸಿಗೆ ದುಡ್ಡು ಕೊಡುತ್ತದೆ. ನಿಮಗೆ ಸಿಗುವುದು ಸ್ಟ್ರಿಪ್ಪಿನ ಮೇಲಿನ ಮಾರ್ಜಿನ್ ಮಾತ್ರ. ನಿಮ್ಮ ಸಂಘದವರು ಸರ್ಕಾರದ ಮುಂದೆ ಈ ಬೇಡಿಕೆ ಇಟ್ಟರೆ ನಮ್ಮ ಪತ್ರಿಕೆಯಲ್ಲಿ ಜಾಗ ಇದೆ.

ಒಂದು ಕಡೆ ಮಾತ್ರ ನೀವು ಕೈ ಹಿಂದೆಗೆಯಲೇಬೇಕು. ಉರಿಮೂತ್ರ, ಕೀವು, ಗುಪ್ತಾಂಗದ ಹುಣ್ಣು ಎಂದು ಪಿಸುಗುಟ್ಟುವವರಿಗೆ ಆಂಟಿಬಯೋಟಿಕ್ ಕೊಡಬೇಡಿ. ಅರ್ಧಂಬರ್ಧ ಔಷಧಿಗೆ ಗೊನೋರಿಯಾದಂಥ ಲೈಂಗಿಕ ಸೋಂಕು ಬಗ್ಗುವುದಿಲ್ಲ, ಮುಂದೆ ಮದ್ದಿಗೂ ಜಗ್ಗದಂತಾಗುತ್ತದೆ. ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ಮತ್ತೆ ಅಂಟುತ್ತದೆ. ಅಂಥವರನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕಿಗೆಂದೇ ಇರುವ ಸುರಕ್ಷಾ ಕ್ಲಿನಿಕ್ಕಿಗೆ ಕಳಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಎಚ್‌ಐವಿ ಬಗ್ಗೆ ಅನುಮಾನ ಇದ್ದವರಿಗೆ 1097 ಎಂಬ ಉಚಿತ ಸಹಾಯವಾಣಿಯ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಡಿ.