ಕಪ್ಪಾಗಿ ಮೂಡಿದ ಕುಂಕುಮ

ಪ್ರಶ್ನೆ: ನಮ್ಮ ಮುತ್ತಜ್ಜ, ಮುತ್ತಜ್ಜಿಯರ ಪಟವೊಂದು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಆರೂವರೆ ಇಂಚು ಎತ್ತರದ ರಟ್ಟಿಗೆ ಅಂಟಿಸಿದ ತೆಳುಕಾಗದ ಕಂದುಬಣ್ಣಕ್ಕೆ ತಿರುಗಿದೆ. ಇಬ್ಬರ ಮುಖದಲ್ಲೂ ನಗುವಿಲ್ಲ. ನಿಂತಿರುವ ಮುತ್ತಜ್ಜನ ಪಾದಗಳ ಹಿಂದೆ ಕಬ್ಬಿಣದ ಕಾಲೊಂದು ಇಣುಕುತ್ತಿದೆ. ಮುತ್ತಜ್ಜಿಯ ಕುಂಕುಮ ಕಪ್ಪಾಗಿರುವುದೇಕೆ? ಪಟ ಯಾವ ಕಾಲದ್ದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅಂದು ಕ್ಯಾಮೆರಾದೊಳಗೆ ಚಿತ್ರ ಹಿಡಿಯಲು ಬಳಸುತ್ತಿದ್ದ ಗಾಜಿನ ಫಲಕಗಳಿಗೆ ಲೇಪಿಸುತ್ತಿದ್ದ ಬೆಳ್ಳಿಯ ಲವಣಗಳು ನೀಲಿ ಮತ್ತು ನೇರಳೆ ಬೆಳಕನ್ನು ಬೇಗ ಹಿಡಿಯುತ್ತಿದ್ದವು, ಕೆಂಪನ್ನು ಮಾತ್ರ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಕುಂಕುಮ ಕಪ್ಪಾಗಿ, ನೀಲಿ ಸೀರೆ ಬಿಳಿಚಿಕೊಂಡು, ಅರಿಸಿನ ಹಚ್ಚಿದ ಕೆನ್ನೆ ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ಮುತ್ತಜ್ಜಿಯ ಮೈಬಣ್ಣವನ್ನು ಈ ಪಟ ನೋಡಿ ನಿರ್ಧರಿಸಬೇಡಿ.

ಆ ಕಬ್ಬಿಣದ ಕಾಲು, ಕತ್ತು ಅಲುಗದಂತೆ ಹಿಂದಿನಿಂದ ಆನಿಸಿ ಹಿಡಿಯುತ್ತಿದ್ದ ಸ್ಟ್ಯಾಂಡಿನದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ, ಕೊಲೋಡಿಯನ್ ಎಂಬ ಅಂಟುದ್ರಾವಣವನ್ನು ಗಾಜಿಗೆ ಬಳಿಯುವ ವಿಧಾನದಲ್ಲಿ ಫಲಕದ ಲೇಪ ಒಣಗುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಿ ಮುಗಿಸಬೇಕಿತ್ತು. ಕುಳಿತವರು ಹಲವು ಸೆಕೆಂಡುಗಳ ಕಾಲ ಕದಲುವಂತಿರಲಿಲ್ಲ. ನಿಮ್ಮ ಜಿಲ್ಲೆಯ ಹಳೇಬೀಡಿನ ದೇವಾಲಯವನ್ನು ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದರು. ಅಲ್ಲಿನ ಶಿಲ್ಪಗಳಿಗೆ ಕತ್ತು ಹಿಡಿಯುವ ಕಬ್ಬಿಣ ಬೇಕಿರಲಿಲ್ಲವೆನ್ನಿ! ಆದರೆ ಬಿಗಿಮೊಗಕ್ಕೆ ಇದೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ, ಜೆಲಟಿನ್ ಲೇಪವನ್ನು ಮೊದಲೇ ಒಣಗಿಸಿಟ್ಟ ಫಲಕ ಬಳಕೆಗೆ ಬಂದು ಕಾಯುವ ಹೊತ್ತು ತಗ್ಗಿದ ಮೇಲೂ ಜನ ನಗಲಿಲ್ಲ. ಜೀವಮಾನದಲ್ಲಿ ಒಮ್ಮೆ ತೆಗೆಸಿಕೊಳ್ಳುವ ಪಟದ ಮುಂದೆ, ಹಿರಿಯರ ಸಭೆಯಲ್ಲಿ ಕುಳಿತಂತೆ, ಗಾಂಭೀರ್ಯವೇ ಮರ್ಯಾದೆಯೆಂದು ತಿಳಿದಿದ್ದ ಕಾಲವದು.

ಇನ್ನು ಕಾಲದ ವಿಚಾರ. ಆರೂವರೆ ಇಂಚಿನ ರಟ್ಟು 1860ರ ದಶಕದಲ್ಲಿ ರೂಢಿಗೆ ಬಂದ ಕ್ಯಾಬಿನೆಟ್ ಕಾರ್ಡಿನ ಅಳತೆ. ತೆಳುಕಾಗದ ಮತ್ತು ಕಂದುಬಣ್ಣ ಆಲ್ಬುಮಿನ್ ಮುದ್ರಣದ ಗುರುತುಗಳು. ಎಂದರೆ ಮೊಟ್ಟೆಯ ಬಿಳಿಲೋಳೆ ಬಳಿದು, ಬೆಳ್ಳಿಯ ದ್ರಾವಣದಲ್ಲಿ ತೇಲಿಸಿದ ಕಾಗದ. ಮೊಟ್ಟೆಯನ್ನು ಹೊಸ್ತಿಲು ದಾಟಿಸದ ಮಡಿವಂತರ ಗೋಡೆಗಳಲ್ಲೂ ಅದರ ಲೋಳೆ ಹೀಗೆ ಗೌರವದಿಂದ ತೂಗಿರಲೇಬೇಕು. ಶತಮಾನದ ಕೊನೆಗೆ ಜೆಲಟಿನ್ ಕಾಗದ ಇದರ ಸ್ಥಾನಕ್ಕೆ ಬಂದುದರಿಂದ, ನಿಮ್ಮ ಪಟ 1870 ಮತ್ತು 1900ರ ನಡುವಿನದೆಂದು ಎಣಿಸಬಹುದು.

ಮಲೆನಾಡಿನ ಥಂಡಿಯಿಂದ ಅದನ್ನು ದೂರವಿಡಿ. ಒದ್ದೆಬಟ್ಟೆಯಿಂದ ಒರೆಸಲು, ರಟ್ಟಿನಿಂದ ಬಿಡಿಸಲು ಹೋಗಬೇಡಿ. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ಊರು ಅಚ್ಚಾಗಿದ್ದರೆ ಕಾಲವನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು. ಎರಡೂ ಬದಿಯ ಪ್ರತಿ ಕಳುಹಿಸಿ.